ಊಟ ಹೊತ್ತವನ ಹೆಸರು

ಬೆಳಗ್ಗೆ ಏಳೂ ಹತ್ತಕ್ಕೆ ಕಲ್ಲುಕುಟಿಗ ಪಡೆಯ ಹುತಾತ್ಮರ ಸ್ಮಾರಕದ ಕಲ್ಲಿನಲ್ಲಿ ಇಪ್ಪತ್ತೆರಡನೇ ಹೆಸರು ಮುಗಿಸಿ ಉಳಿ ಕೆಳಗಿಟ್ಟ.

“ಕೆಳಗೆ ಒಂದು ಸಾಲು ಖಾಲಿ ಇದೆಯಲ್ಲ ಸರ್?”

ಆ ಸಾಲನ್ನು ಖಾಲಿ ಬಿಡಿಸಿದ್ದು ಗುಮಾಸ್ತ. ಪಡೆಯಲ್ಲಿ ಟೈಪ್‌ರೈಟರ್ ಕುಟ್ಟುತ್ತಿದ್ದವನಿಗೆ, ನಿವೃತ್ತಿಯಾಗಿ ಹತ್ತೊಂಬತ್ತು ವರ್ಷವಾದರೂ ಜೊತೆಯವರ ಬಾಯಲ್ಲಿ ಅದೇ ಹೆಸರು. ಖಾಲಿ ಸಾಲು ಸೌಟಣ್ಣನದು.

ಸೌಟಣ್ಣ ಪಡೆಯ ಅಡುಗೆಯವನು. ಗುಡ್ಡದ ಮೇಲಿನ ಕಾವಲು ಠಾಣೆಗೆ ಊಟ ಹೊತ್ತು ಹೋಗುವಾಗ ಗುಂಡು ತಗುಲಿ ಸತ್ತ. ದಾಖಲೆ ಕಚೇರಿಯ ಪಟ್ಟಿಯಲ್ಲಿ ಅವನಿಲ್ಲ. ಸಾಯುವ ಹಿಂದಿನ ದಿನವೇ ಅವನಿಗೆ ಬೇರೊಂದು ಪಡೆಗೆ ವರ್ಗವಾಗಿತ್ತು. ಆ ಪಡೆಯವರು ಅವನ ಮುಖವನ್ನೇ ಕಂಡವರಲ್ಲ; ಅವರ ಕಲ್ಲಿನಲ್ಲೂ ಅವನಿಲ್ಲ.

ವರ್ಗದ ಆದೇಶ ಟೈಪ್ ಮಾಡಿದ್ದು ಗುಮಾಸ್ತನೇ. ಮೇಲಿನ ಠಾಣೆಯಲ್ಲಿದ್ದ ಹದಿನಾಲ್ಕು ಮಂದಿ ಬಿಸಿ ಊಟ ಕಂಡು ಎರಡು ದಿನವಾಗಿತ್ತು. “ಒಂದು ದಿನ ಇದ್ದು ಹೋಗಪ್ಪಾ” ಎಂದು ತಡೆದವನೂ ಅವನೇ. ಆ ಒಂದು ದಿನವನ್ನು ಮಾತ್ರ ಅವನು ಎಲ್ಲೂ ಬರೆದಿಡಲಿಲ್ಲ. ಆಮೇಲೆ ಬಾಯೂ ಬಿಡಲಿಲ್ಲ.

ಅನಾವರಣ ಮರುದಿನ. “ತಮ್ಮನ ಹೆಸರು ನೋಡೋಕೆ ಬನ್ನಿ ಅಕ್ಕ” ಎಂದು ಸೌಟಣ್ಣನ ಅಕ್ಕನಿಗೆ ಗುಮಾಸ್ತ ಫೋನ್ ಮಾಡಿಯಾಗಿತ್ತು. ಅವಳು ರೈಲು ಹತ್ತಿಯೂ ಆಗಿತ್ತು.

ಒಂಬತ್ತಕ್ಕೆ ಸ್ಮಾರಕ ಸಮಿತಿಯ ಅಧ್ಯಕ್ಷರಾದ ನಿವೃತ್ತ ಮೇಜರ್ ಬಂದರು. ಕಟ್ಟೆಗೆ ಸಿಮೆಂಟು ಮೆತ್ತುತ್ತಿದ್ದ ಹಳೆಯ ಹವಾಲ್ದಾರ, ರಜೆಯಲ್ಲಿ ಬಂದು ಇಟ್ಟಿಗೆ ಹೊರುತ್ತಿದ್ದ ಇಬ್ಬರು ಸೈನಿಕರು ನೆಟ್ಟಗೆ ನಿಂತರು.

“ಖಾಲಿ ಜಾಗದಲ್ಲಿ ಹೂಬಳ್ಳಿ ಕೆತ್ತಿಸಿಬಿಡಿ,” ಎಂದರು ಮೇಜರ್.

“ಹೂಬಳ್ಳಿ ಊಟ ಹೊತ್ತಿತ್ತಾ ಸರ್?” ಎಂದ ಗುಮಾಸ್ತ.

“ನೋಡಪ್ಪಾ, ದಾಖಲೆ ಇಲ್ದೆ ನಾನೇನು ಮಾಡ್ಲಿ? ಇವತ್ತು ಅಡುಗೆಯವನು ಅಂತೀರಿ, ನಾಳೆ ಕ್ಷೌರದವನು ಅಂತೀರಿ.”

“ಕ್ಷೌರದವನಿಗೂ ಗುಂಡು ಬಿದ್ದಿದ್ರೆ ಅಂತಿದ್ವಿ,” ಎಂದ ಹವಾಲ್ದಾರ, ಕರಣೆ ಕೈಯಲ್ಲೇ ಇತ್ತು. “ಆವತ್ತು ಮೇಲಿದ್ದವರಲ್ಲಿ ನಾನೊಬ್ಬ ಸರ್. ಅವನು ಬಿದ್ದಲ್ಲಿಂದ ನಾವೇ ತಂದ ಡಬ್ಬಿ ತೂತಾಗಿತ್ತು. ಸೋರಿ ಉಳಿದಿದ್ದನ್ನ ಹಂಚ್ಕೊಂಡು ತಿಂದ್ವಿ. ಈಗ ಆ ಊಟ ಬಂದೇ ಇರ್ಲಿಲ್ಲ ಅನ್ಬೇಕಾ?”

ಗುಮಾಸ್ತ ಸಿಮೆಂಟಿನ ಚೀಲದ ಮೇಲೆ ಕುಳಿತು ಕಾಗದ ತೆಗೆದ. ಆದೇಶವಿಲ್ಲದೆ ತಾನೇ ಸೌಟಣ್ಣನನ್ನು ಒಂದು ದಿನ ನಿಲ್ಲಿಸಿಕೊಂಡದ್ದು, ಅದನ್ನು ನಮೂದಿಸದೆ ಬಿಟ್ಟದ್ದು, ಅವನು ಈ ಪಡೆಯ ಕೆಲಸದಲ್ಲೇ ಸತ್ತದ್ದು: ಮೂರನ್ನೂ ತಾರೀಖು ಸಮೇತ ಬರೆದು ಸಹಿ ಹಾಕಿದ. ಸಾಕ್ಷಿಯಾಗಿ ಹವಾಲ್ದಾರನೂ ಹಾಕಿದ.

ಮೇಜರ್ ಓದಿದರು. “ನಿನ್ನ ಮೇಲೆ ಕ್ರಮ ತಗೋಬಹುದು, ಗೊತ್ತಾ?”

“ತಗೊಳ್ಳಿ ಸರ್. ಅದಕ್ಕಾದ್ರೂ ಅವನ ಹೆಸರು ಬರೀಬೇಕಾಗುತ್ತೆ.”

“ಕಚೇರಿಗೆ ಕಳಿಸ್ತೀನಿ. ಉತ್ತರ ಬರೋವರೆಗೆ ಹೆಸರಿಲ್ಲ,” ಎಂದು ಅವರು ಕಾಗದ ಮಡಚಿಕೊಂಡು ಕಾರು ಹತ್ತಿದರು.

ಕಲ್ಲುಕುಟಿಗ ಉಳಿ ಎತ್ತಿಕೊಂಡ. “ನಂಗೆ ಹೂಬಳ್ಳಿ ಅಷ್ಟು ಚೆನ್ನಾಗಿ ಬರಲ್ಲ ಸರ್. ಹೆಸರು ಹೇಳಿ, ನಿಧಾನಕ್ಕೆ.”

ಗುಮಾಸ್ತ ಅಕ್ಷರ ಅಕ್ಷರವಾಗಿ ಹೇಳಿದ.

ಮರುದಿನ ಹತ್ತೂವರೆಗೆ ಅಕ್ಕ ಬಂದಳು. ಮೇಜರ್ ಬರಲಿಲ್ಲ. ಕಲ್ಲಿನ ಮೇಲಿನ ಬಟ್ಟೆಯನ್ನು ಹವಾಲ್ದಾರ ಸರಿಸಿದ.