ಭಾವನ ಕರೆಗಂಟೆ

ಮೂವತ್ತು ವರ್ಷ ಊರವರ ಮನೆಗಳಿಗೆಲ್ಲ ವೈರಿಂಗ್ ಮಾಡಿದವನು ನಾನು. ಸ್ವಂತ ಅಕ್ಕನ ಮನೆಯಲ್ಲಿ ಒಂದು ಬೆಲ್ಲು ನೆಟ್ಟಗೆ ಹಾಕಲಿಲ್ಲ.

ಭಾವನಿಗೆ ಶ್ವಾಸಕೋಶದ ಕಾಯಿಲೆ. ಹಾಸಿಗೆ ಹಿಡಿದಿದ್ದರು. ಎದ್ದು ಬರುವುದಿರಲಿ, ಕೂಗುವಷ್ಟೂ ಉಸಿರಿರಲಿಲ್ಲ. ಅಕ್ಕನನ್ನು ಕರೆಯಲು ಮಂಚದ ಬಳಿ ಕೈಯಲ್ಲಿ ಹಿಡಿಯುವಂಥ ಒಂದು ಬಟನ್, ಅಡುಗೆಮನೆಯಲ್ಲಿ ಒಂದು ಬೆಲ್ಲು ಬೇಕಿತ್ತು. ದಾರಿ ಎರಡು. ಗೋಡೆ ಕೊರೆದು ಬೆಲ್ಲಿಗೆಂದೇ ಬೇರೆ ವೈರ್ ಎಳೆಯುವುದು ಒಂದು. ಮನೆಯ ಕರೆಂಟಿನ ವೈರಿನಲ್ಲೇ ಸಿಗ್ನಲ್ ಕಳಿಸುವ ಹೊಸ ಬಗೆಯ ಡಬ್ಬಿ ಇನ್ನೊಂದು. ಇಲ್ಲೊಂದು, ಅಲ್ಲೊಂದು ಪ್ಲಗ್‌ಗೆ ಸಿಕ್ಕಿಸಿದರೆ ಮುಗಿಯಿತು.

"ಗೋಡೆ ಕೊರೆದ್ರೆ ಧೂಳೇಳುತ್ತೆ ಕಣೋ. ಇವರ ಎದೆ ತಡ್ಕೊಳ್ಳುತ್ತಾ?" ಎಂದಳು ಅಕ್ಕ.

ಬೇರೆ ವೈರೇ ಗಟ್ಟಿ ಎಂದು ನನಗೆ ಗೊತ್ತಿತ್ತು. ಎರಡು ದಿನ ಭಾವನನ್ನು ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದರೆ ಕೆಲಸ ಆಗುತ್ತಿತ್ತು. ಮಾಡಲಿಲ್ಲ. ಸೋಮಾರಿತನ, ಬೇರೇನಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಡಬ್ಬಿಗಳನ್ನೇ ತಂದೆ.

"ಇಷ್ಟು ವರ್ಷ ನಾನು ಕೂಗಿದ್ದೇ ನಿಮ್ಮಕ್ಕನಿಗೆ ಕೇಳಿಸಿಲ್ಲ, ಇದು ಕೇಳಿಸುತ್ತಾ ನೋಡೋಣ," ಎಂದು ಭಾವ ಬಟನ್ ಒತ್ತಿದರು. ಬೆಲ್ಲು ಹೊಡೆಯಿತು. "ಬಂದೇ!" ಎಂದು ಅಡುಗೆಮನೆಯಿಂದ ಅಕ್ಕ ಕೂಗಿದಳು. ಮೂವರೂ ನಕ್ಕೆವು.

ಕೆಲಸಕ್ಕೆ ಕೈ ಹಾಕುವ ಮೊದಲು ಮನೆಯಲ್ಲಿ ಓಡುತ್ತಿರುವುದನ್ನೆಲ್ಲ ಆರಿಸಬೇಕು. ಇದು ನನ್ನ ಮೇಸ್ತ್ರಿ ತಲೆಗೆ ಮೊಟಕಿ ಕಲಿಸಿದ ಪಾಠ. ಅವತ್ತೂ ಎಲ್ಲ ಆರಿಸಿಯೇ ಪರೀಕ್ಷೆ ಮಾಡಿದ್ದೆ.

ಮೂರು ತಿಂಗಳು ಬೆಲ್ಲು ಒಂದು ಸಲವೂ ಕೈಕೊಡಲಿಲ್ಲ. ಆಮೇಲೊಂದು ಬೆಳಿಗ್ಗೆ ಭಾವ ಹೋದರು. ಅವರಿಗೆ ನಿದ್ದೆ ಹತ್ತಿದ ಮೇಲಷ್ಟೇ ಅಕ್ಕ ಹಿಂದಿನ ಕೋಣೆಯಲ್ಲಿ ವಾಷಿಂಗ್ ಮಷೀನ್ ಹಾಕುತ್ತಿದ್ದಳು. ಅವತ್ತೂ ಹಾಕಿದ್ದಳು. ವಾಪಸ್ ಬಂದು ನೋಡಿದರೆ ಉಸಿರಿರಲಿಲ್ಲ, ಬಟನ್ ಮುಷ್ಟಿಯಲ್ಲಿತ್ತು.

"ಒತ್ತಿದ್ರೆ ನನಗೆ ಕೇಳಿಸ್ತಿತ್ತು. ನಿದ್ದೇಲೇ ಹೋದ್ರು, ಪುಣ್ಯಾತ್ಮ," ಎಂದು ಬಂದವರಿಗೆಲ್ಲ ಹೇಳಿದಳು. ಆ ಮಾತು ಹಿಡಿದುಕೊಂಡೇ ಅವಳು ಎರಡು ತುತ್ತು ಉಣ್ಣುತ್ತಿದ್ದಳು.

ಎರಡು ವಾರ ಬಿಟ್ಟು ಡಬ್ಬಿಗಳನ್ನು ಬಿಚ್ಚಲು ಹೋದೆ. ಭಾವನ ಹೊದಿಕೆಗಳು ಮಷೀನಿನಲ್ಲಿ ತಿರುಗುತ್ತಿದ್ದವು. ಸುಮ್ಮನೆ ಬಟನ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಇಲ್ಲ. ಆಗ ಹೊಳೆಯಿತು. ಮಷೀನಿನ ಮೋಟರು ಅದೇ ವೈರಿಗೆ ತನ್ನ ಗಲಾಟೆ ತುಂಬಿ ಸಿಗ್ನಲ್ಲನ್ನು ನುಂಗುತ್ತಿತ್ತು. ಬೇರೆ ವೈರ್ ಎಳೆದಿದ್ದರೆ ನುಂಗುತ್ತಿರಲಿಲ್ಲ. ಭಾವ ಎಷ್ಟು ಸಲ ಒತ್ತಿದರೋ!

ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಏನೋ ಅದು? ಕೆಟ್ಟಿತ್ತಾ?" ಅವಳ ಮುಖ ನೋಡಲಾಗಲಿಲ್ಲ. "ಒತ್ತು, ನಾನೂ ಕೇಳ್ತೀನಿ."

"ಇರು, ಮೊದಲು ಎಲ್ಲಾ ಆರಿಸ್ಬೇಕು. ನಮ್ಮ ಪದ್ಧತಿ ಗೊತ್ತಲ್ಲ," ಎಂದೆ.

ಹಿಂದೆ ಹೋಗಿ ಮಷೀನ್ ಆರಿಸಿದೆ. ಬಂದು ಬಟನ್ ಒತ್ತಿದೆ. ಬೆಲ್ಲು ಮನೆ ತುಂಬ ಹೊಡೆಯಿತು.

ಅಕ್ಕ ಗೋಡೆಗೊರಗಿ ಕುಸಿದು ಕೂತು ಅತ್ತಳು. ಭಾವ ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

"ನೋಡ್ದ್ಯಾ? ಚೆನ್ನಾಗೇ ಇದೆ. ಅವರು ನನ್ನ ಕರೀಲೇ ಇಲ್ಲ."

"ಇಲ್ಲ ಅಕ್ಕ, ಕರೀಲಿಲ್ಲ," ಎಂದೆ.

ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮಷೀನ್ ಹಾಕೋ, ಬಟ್ಟೆ ಅರ್ಧಕ್ಕೇ ನಿಂತಿದೆ."

ನಾನು ಮೊದಲು ಎರಡೂ ಡಬ್ಬಿ ಕಿತ್ತು ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಹೋಗಿ ಮಷೀನ್ ಹಾಕಿದೆ.