ಹೊಗೆ ತೊಳೆಯುವ ಯಂತ್ರ

ಮಂಡಿಪೇಟೆಯಲ್ಲಿ ಮೂವತ್ತೆಂಟು ವರ್ಷ ಆಡಿಟರ್ ಕೆಲಸ ಮಾಡಿದವನು ನಾನು, ಪಂಚಾಕ್ಷರಪ್ಪ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಸರ್ವಮಂಗಳ ಹೇಳುತ್ತಾಳೆ, ಸುಳ್ಳೇನಲ್ಲ. ಹಾಗಿರುವಾಗ ಮಂಡಕ್ಕಿ ಭಟ್ಟಿಯ ಖತೀಜಾಬೀ ನನ್ನ ಮೇಜಿನೆದುರು ಕೂತು, "ನೀವು ಬರೆದದ್ದು ಸರಿ ಇಲ್ರಿ ಅಣ್ಣಾರೆ" ಅಂದಾಗ ನನ್ನ ಮುಖ ಹೇಗಾಗಿರಬೇಕು, ನೀವೇ ಊಹಿಸಿಕೊಳ್ಳಿ.

ಆಗಿದ್ದು ಇಷ್ಟು. ಆಕೆ ತನ್ನ ಮೂರು ಭಟ್ಟಿಗಳಿಗೆ ಹರಿಹರದ ಶಿವಮೂರ್ತಿಯ ವರ್ಕ್‌ಶಾಪಿನಿಂದ ಒಂದು ಯಂತ್ರ ಮಾಡಿಸಿ ಹಾಕಿಸಿದ್ದಳು. ಹೊಗೆಯನ್ನು ಸುಣ್ಣದ ನೀರಿನಲ್ಲಿ ತೊಳೆದು ಹೊರಗೆ ಬಿಡುವ ಯಂತ್ರ. ಬಿಲ್ಲು ನಾಲ್ಕು ಲಕ್ಷ ಎಂಬತ್ತು ಸಾವಿರ. ನಾನು ಅಷ್ಟನ್ನೂ ಆ ವರ್ಷದ ಖರ್ಚಿಗೆ ಬರೆದೆ. ಲೆಕ್ಕದಲ್ಲಿ ನಷ್ಟ ಬಂತು. ನಷ್ಟದ ಲೆಕ್ಕ ನೋಡಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಇಪ್ಪತ್ತು ವರ್ಷ ವ್ಯಾಪಾರಿಗಳ ಭತ್ತವನ್ನು ಕೂಲಿಗೆ ಮಂಡಕ್ಕಿ ಮಾಡಿಕೊಟ್ಟ ಹೆಂಗಸು, ಈ ಸುಗ್ಗಿಯಲ್ಲಿ ಸಾಲ ತೆಗೆದು ಸ್ವಂತ ಭತ್ತ ಕೊಳ್ಳಬೇಕೆಂದಿದ್ದಳು. ಸಾಲ ಸಿಗದಿದ್ದರೆ ಮತ್ತೆ ಅದೇ ಕೂಲಿ.

"ಆ ಯಂತ್ರದಿಂದ ಒಂದು ಸೇರು ಮಂಡಕ್ಕಿ ಬರುತ್ತೇನವ್ವಾ?" ಎಂದು ಕೇಳಿದೆ.

"ಇಲ್ರಿ. ಅದರಾಗ ಏನೂ ಹುರಿಯಕ್ಕೆ ಬರಲ್ಲ."

"ಮತ್ತೆ? ದುಡಿಯದೇ ಇರೋದು ಆಸ್ತಿ ಹೆಂಗಾಗುತ್ತೆ? ಖರ್ಚು ಅದು."

ಆಕೆ ಸೆರಗು ಸರಿಮಾಡಿಕೊಂಡು ಸಮಾಧಾನವಾಗಿಯೇ ಹೇಳಿದಳು. "ಖರ್ಚು ಅಂದ್ರೆ ಆಗಿಹೋದದ್ದು. ಇದು ಆಗಿಹೋಗಿಲ್ರಿ, ಅಲ್ಲೇ ನಿಂತೈತೆ. ಒಂದ್ಸಲ ಬಂದು ನೋಡ್ರಿ. ಹನ್ನೊಂದು ಗಂಟೆಗೆ ಬರ್ರಿ, ಬೇರೆ ಹೊತ್ತಿಗೆ ಬ್ಯಾಡ."

ಹನ್ನೊಂದಕ್ಕೇ ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಸೌಜನ್ಯ ನನಗೆ ಆ ಹೊತ್ತಿಗೆ ಇರಲಿಲ್ಲ.

ಆಕೆಯ ಮೂರು ಭಟ್ಟಿಗಳಷ್ಟೇ ಇರುವ ಆ ಓಣಿಗೆ ಹೋಗುವುದೆಂದರೆ ನನಗೆ ಯಾವತ್ತೂ ಆಗಿಬರುವುದಿಲ್ಲ. ಹೋಗಿ ಬಂದರೆ ಮೈಮೇಲಿನ ಬಟ್ಟೆಗೆಲ್ಲ ಮಸಿಯ ಚುಕ್ಕೆ. ಮರುದಿನ ಹರಿಹರದಲ್ಲಿ ನೆಂಟರ ಮನೆಯಲ್ಲಿ ಬೆಳಿಗ್ಗೆ ಬೇಗನೆ ಇದ್ದ ನಾಮಕರಣ ಮುಗಿಸಿ ಬಸ್ಸಿನಲ್ಲಿ ಬಂದವನು, ಬಿಳಿ ಪಂಚೆಯಲ್ಲೇ ಗೊಣಗುತ್ತಾ ಹನ್ನೊಂದರ ಹೊತ್ತಿಗೆ ಆ ಓಣಿಗೆ ಹೋದೆ.

ಹೋದವನು ನಿಂತುಬಿಟ್ಟೆ. ಓಣಿಯ ಉದ್ದಕ್ಕೂ ಹಗ್ಗಗಳ ಮೇಲೆ ಬಟ್ಟೆ ಹರಡಿತ್ತು. ಶಾಲೆ ಮಕ್ಕಳ ಬಿಳಿ ಅಂಗಿಗಳು, ಬೆಡ್‌ಶೀಟು, ಯಾರದೋ ಪಂಚೆ. ಪಕ್ಕದ ಮನೆಯ ಓಬವ್ವ ಇನ್ನೊಂದು ಬಕೆಟ್ಟಿನ ಬಟ್ಟೆ ಹಿಂಡುತ್ತಿದ್ದಳು.

"ಇವತ್ತು ಭಟ್ಟಿ ಹಚ್ಚಿಲ್ವೇನವ್ವಾ?" ಎಂದೆ.

"ಕಣ್ಣಿಗೆ ಕಾಣಲ್ವೇನ್ರಿ? ಉರೀತೈತಲ್ಲ. ಮೊದ್ಲು ನಾವು ಬಟ್ಟೆ ಹಾಕಬೇಕು ಅಂದ್ರೆ ಆಕಿ ಭಟ್ಟಿ ಆರಿಸ್ತಿದ್ಲು. ಓಣಿಯೋರೆಲ್ಲ ಕೂಡಿ ಮಾಡಿಕೊಂಡ ಒಪ್ಪಂದ ಅದು. ನಸುಕಿನ್ಯಾಗ ನಾಕಕ್ಕೆ ಹಚ್ಚಬೇಕು, ಎಂಟಕ್ಕೆ ಆರಿಸಬೇಕು. ಈಗ ಸಂಜಿ ತಂಕ ಉರಿದ್ರೂ ಯಾರೂ ಕೇಳಲ್ಲ."

ಒಳಗೆ ಖತೀಜಾಬೀ ಕಾದ ಮರಳಿಗೆ ಅಕ್ಕಿ ಸುರಿಯುತ್ತಿದ್ದಳು. "ಮೊದಲು ದಿನಕ್ಕೆ ಎಷ್ಟು ಚೀಲ?" ಕೇಳಿದೆ. "ಆರು." "ಈಗ?" "ಹದಿನಾಲ್ಕು." ಭಟ್ಟಿಗಳು ಅವೇ ಮೂರು, ಹುರಿಯುವವರೂ ಅವರೇ, ಈಕೆ ಮತ್ತು ಇಬ್ಬರು ಸೊಸೆಯರು. ಹೆಚ್ಚಾಗಿದ್ದು ಉರಿಯುವ ಹೊತ್ತು ಮಾತ್ರ. ಅದನ್ನು ತಂದುಕೊಟ್ಟದ್ದು ಮೂಲೆಯಲ್ಲಿ ಗುಳುಗುಳು ಎನ್ನುತ್ತಿದ್ದ ಆ ತಗಡಿನ ಯಂತ್ರ.

ಪಿ.ಜೆ. ಬಡಾವಣೆಯ ಮನೆಗೆ ಬಂದವನೇ ಲೆಕ್ಕಶಾಸ್ತ್ರದ ನಿಯಮಗಳ ಪುಸ್ತಕದ ಧೂಳು ಕೊಡವಿದೆ. ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಪರಿಸರದ ಸಲುವಾಗಿ ಕೊಂಡ ವಸ್ತು ತಾನೇ ದುಡಿಯದಿದ್ದರೂ, ಅದಿರುವುದರಿಂದ ಉಳಿದ ಆಸ್ತಿಗಳು ಹೆಚ್ಚು ದುಡಿಯುವಂತಾದರೆ, ಅದೂ ಆಸ್ತಿಯೇ. ಅದರ ಬೆಲೆಯನ್ನು ಅದು ಬಾಳುವ ವರ್ಷಗಳಿಗೆ ಹಂಚಿ ಬರೆಯಬೇಕು. ಒಂದು ಕಾಲದಲ್ಲಿ ನಾನು ಓದಿ ಪಾಸಾದ ಮಾತು. ಅಕ್ಷರ ಬಾರದ ಹೆಂಗಸು ಭಟ್ಟಿಯ ಮುಂದೆ ಕೂತು ತಾನಾಗಿಯೇ ಕಂಡುಕೊಂಡಿದ್ದಳು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಕೆಯ ಮೇಲೆ ಗೌರವ ಬಂತು.

ಅಷ್ಟರಲ್ಲಿ ಸರ್ವಮಂಗಳ ನನ್ನ ಪಂಚೆಯನ್ನು ಬೆಳಕಿಗೆ ಹಿಡಿದು ಮಸಿಯ ಚುಕ್ಕೆ ಹುಡುಕುತ್ತಿದ್ದಳು. "ಭಟ್ಟಿ ಓಣಿಗೆ ಹೋಗಿದ್ದೆ ಅಂತ ಯಾಕ ಸುಳ್ಳು ಹೇಳ್ತೀರಿ?" ಅಂದಳು.

ಮರುದಿನ ಖತೀಜಾಬೀಯನ್ನು ಕರೆಸಿ, ಹೊಸ ಲೆಕ್ಕ ಓದಿ ಹೇಳಿದೆ. ಯಂತ್ರ, ನಾಲ್ಕು ಲಕ್ಷ ಎಂಬತ್ತು ಸಾವಿರ, ಆಸ್ತಿ. ಆಕೆ ತಲೆಯಾಡಿಸಿದಳು. "ಅಷ್ಟು ಬ್ಯಾಡ್ರಿ ಅಣ್ಣಾರೆ. ಆ ಬಿಲ್ಲಿನಾಗ ಹನ್ನೆರಡು ಸಾವಿರ ಸುಣ್ಣದ್ದು. ಸುಣ್ಣ ಆಗಲೇ ಕರಗಿಹೋತು. ಅದು ಖರ್ಚು."

ಬಿಲ್ಲಿನ ಎರಡನೇ ಹಾಳೆ ತಿರುಗಿಸಿದೆ. ಹೌದು, ಹನ್ನೆರಡು ಸಾವಿರ. ನಾನು ನೋಡಿಯೇ ಇರಲಿಲ್ಲ. ಸಾಲ ಬೇಕಾದವರು ಆಸ್ತಿಯನ್ನು ಹಿಗ್ಗಿಸುವುದನ್ನು ಕಂಡಿದ್ದೇನೆ. ತಾನಾಗಿ ಕಡಿಮೆ ಮಾಡಿಸಿದವರನ್ನು ಕಂಡದ್ದು ಅವತ್ತೇ. ತಿದ್ದಿ, ಸಹಿ ಹಾಕಿ ಕೊಟ್ಟೆ.

ಸಾಲ ಮಂಜೂರಾಯಿತು. ಸುಗ್ಗಿಯ ಮೊದಲ ವಾರ ಓಣಿಯ ಬಾಯಿಗೆ ಭತ್ತದ ಲಾರಿ ಬಂದು ನಿಂತಿತು. ಖತೀಜಾಬೀ ತೂಕದ ಚೀಟಿ ಹಿಡಿದು ನೇರ ನನ್ನ ಆಫೀಸಿಗೆ ಬಂದಳು. ಇಪ್ಪತ್ತು ವರ್ಷ ಅಂಥ ಚೀಟಿಗಳ ಮೇಲೆ ವ್ಯಾಪಾರಿಗಳ ಹೆಸರೇ ಇರುತ್ತಿತ್ತು.

"ಎಲ್ಲೈತ್ರಿ ನನ್ನ ಹೆಸರು? ತೋರಿಸ್ರಿ."

ಎದ್ದು ನಿಂತು ತೋರಿಸಿದೆ. ಮಸಿ ಹಿಡಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಆಕೆ ಆ ಅಕ್ಷರಗಳ ಮೇಲೆ ಮೆಲ್ಲಗೆ ಇಟ್ಟಳು.