ತುಕ್ಕಿನ ಕಾವಲುಗಾರ

ಡಾಕ್ಟರ್ ವಲೇರಿಯನ್ ಸಲ್ಡಾನಾ ಅವರ ಬಾಯಿ ಮುಚ್ಚಿರುವುದನ್ನು ನೋಡಬೇಕೆಂದರೆ ಅವರ ಕೈಯಲ್ಲಿ ಬಿಚ್ಚುಗತ್ತಿ ಇರಬೇಕು. ಒರೆಯಿಂದ ಕತ್ತಿಯನ್ನು ಎಳೆಯುವ ಮೊದಲು ಅವರು ಕೋಟಿನ ಜೇಬಿನಿಂದ ಬಿಳಿಯ ಕರವಸ್ತ್ರವೊಂದನ್ನು ತೆಗೆದು, ನಾಲ್ಕಾಗಿ ಮಡಚಿ, ತುಟಿಗಳ ನಡುವೆ ಕಚ್ಚಿಕೊಳ್ಳುತ್ತಾರೆ. ಉಸಿರಿನ ಪಸೆ ತಗುಲಿದರೂ ಉಕ್ಕು ಕೆಡುತ್ತದೆ ಎಂಬ ಜಪಾನೀಯರ ಹಳೆಯ ಎಚ್ಚರಿಕೆಯನ್ನು ಅವರು ಭಾನುವಾರದ ಪೂಜೆಗಿಂತ ಹೆಚ್ಚಿನ ನಿಷ್ಠೆಯಿಂದ ಪಾಲಿಸಿಕೊಂಡು ಬಂದವರು. ನೈರೋಬಿಯ ಪಂಗಾನಿ ಬಡಾವಣೆಯ ಆ ಹಳೆಯ ಕಲ್ಲುಮನೆಯಲ್ಲಿ ಅಷ್ಟು ಹೊತ್ತು ಮಾತ್ರ ಶಾಂತಿ. ಕತ್ತಿ ಒರೆಗೆ ಹೋಗಿ ಕರವಸ್ತ್ರ ಜೇಬಿಗೆ ಮರಳಿದ ಕೂಡಲೇ ಬೈಗುಳ ನಿಂತ ಜಾಗದಿಂದಲೇ ಮುಂದುವರಿಯುತ್ತದೆ.

ಎಪ್ಪತ್ತು ದಾಟಿದ ಈ ನಿವೃತ್ತ ಪೆಥಾಲಜಿಸ್ಟ್, ಅಂಗಡಿಯಿರಲಿ, ಪರರ ಮನೆಯಿರಲಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತನ್ನಷ್ಟೇ ಮುಂದೆ ಚಾಚಿ ನಡೆಯುತ್ತಾರೆ. ಮುಟ್ಟುವುದೆಂದರೆ ಅವರ ಪ್ರಕಾರ ಹಾಳುಮಾಡುವುದರ ಮೊದಲ ಹಂತ. ನೈರೋಬಿಯ ಸುಡುವ ಫೆಬ್ರವರಿಯಲ್ಲೂ ಮೈಮೇಲಿಂದ ಇಳಿಯದ ಅವರ ಕಂದು ಉಣ್ಣೆಯ ಕೋಟು, ಅಲಗಿಗೆ ಸವರುವ ಲವಂಗದ ಎಣ್ಣೆಯ ವಾಸನೆಯನ್ನು ಎಷ್ಟು ಹೀರಿಕೊಂಡಿದೆಯೆಂದರೆ, ಹೊಸದಾಗಿ ಪರಿಚಯವಾದವರು ಅವರನ್ನು ಹಲ್ಲಿನ ಡಾಕ್ಟರೆಂದೇ ತಿಳಿಯುತ್ತಾರೆ, ತಿಳಿದದ್ದಕ್ಕೆ ಬೈಸಿಕೊಳ್ಳುತ್ತಾರೆ. ಮನೆಯಲ್ಲಿ ಮೂರು ಜಪಾನಿ ಕತ್ತಿಗಳು, ಹಿಡಿಯ ಮುಂದೆ ಕೈಗೆ ಕಾಪಾಗಿ ಕೂಡಿಸುವ ಕಬ್ಬಿಣದ ಬಿಲ್ಲೆಗಳ ಒಂದು ಸೆಳೆಖಾನೆ. ಊರು ಬಿಟ್ಟುಹೋದ ಬಿಳಿಯರ ಮನೆಗಳ ಹರಾಜಿನಲ್ಲಿ, ನಲವತ್ತು ವರ್ಷಗಳ ಕಾಲ ಬೆನ್ನ ಹಿಂದೆ ಕೈ ಕಟ್ಟಿ ನಡೆದು ಕೂಡಿಸಿದ ಸಂಪತ್ತು. ಇಷ್ಟು ಉಕ್ಕಿರುವ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ಹರಿತವಾದ ಒಂದು ಚೂರಿಯಿಲ್ಲ. ಸಾಣೆಕಲ್ಲು ಹೊಸ್ತಿಲು ದಾಟಕೂಡದೆಂದು ಅವರ ಆಜ್ಞೆ. ಹೆಂಡತಿ ಸಿಲ್ವಿಯಾಬಾಯಿ ಮೀನನ್ನು ಪಕ್ಕದ ಮನೆಗೆ ಒಯ್ದು ಕೊಯ್ದು ತರುತ್ತಾರೆ.

ಹರ್ಲಿಂಗ್‌ಹ್ಯಾಮ್‌ನ ಒಬ್ಬ ಡಾಕ್ಟರ ಮನೆಯ ಔತಣದಲ್ಲಿ ನಡೆದದ್ದು ಇಲ್ಲಿನ ನಮ್ಮ ಕನ್ನಡದವರೆಲ್ಲರ ಬಾಯಲ್ಲಿದೆ. ಆತಿಥೇಯರು ಗೋಡೆಯಿಂದ ಕತ್ತಿಯೊಂದನ್ನು ಇಳಿಸಿ, ಇದು ಸಮುರಾಯ್ ವಂಶದ್ದು ಎಂದು ಶುರುಮಾಡಿದರು. ವಲೇರಿಯನ್ ಕತ್ತು ಚಾಚಿ ಒಮ್ಮೆ ನೋಡಿದರು. "ಎಂಥದಿದು? ಇದು ಪೀಪಾಯಿ ತಗಡು ಮಾರಾಯ್ರೆ. ಇದರಲ್ಲಿ ಬೆಣ್ಣೆ ಸಹ ಕೊಯ್ಯಲಿಕ್ಕೆ ಆಗುವುದಿಲ್ಲ" ಎಂದು ಹೇಳಿ, ಬಡಿಸಿದ ಊಟ ಬಿಟ್ಟು ಹೊರಗೆ ಹೋಗಿ ಕಾರಿನಲ್ಲಿ ಕುಳಿತರು. ಸಿಲ್ವಿಯಾಬಾಯಿ "ಪುರೊ, ಪುರೊ" ಎಂದು ಕೊಂಕಣಿಯಲ್ಲಿ ಸಾಕುಮಾಡಿಸಲು ನೋಡಿ, ಕೊನೆಗೆ ಮರ್ಯಾದೆ ಉಳಿಸಲು ಎರಡು ತಟ್ಟೆಯದನ್ನೂ ಉಂಡರು.

ಅವರ ಹಠಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. ಫೋಟೋ ನೋಡಿ ಅವರು ಏನನ್ನೂ ಹೇಳುವವರಲ್ಲ. ಫೋಟೋ ತೆಗೆಯುವವರೂ ಅಲ್ಲ. ಫೋನು ಮುಂದೆ ಹಿಡಿದವರಿಗೆ "ಕಾಯಿಲೆಯವನನ್ನು ಮನೆಯಲ್ಲಿ ಬಿಟ್ಟು ಅವನ ಪಟ ತಂದಿದ್ದೀರಾ?" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಎರಡನೆಯದು, ಬೇರೆಬೇರೆ ದಿನ, ಬೇರೆಬೇರೆ ಬೆಳಕಿನಲ್ಲಿ ಮೂರು ಸಲ ನೋಡದೆ ಯಾವ ಕತ್ತಿಯ ಪ್ರಾಯವನ್ನೂ ಅವರು ಹೇಳುತ್ತಿರಲಿಲ್ಲ. ಪ್ರಯೋಗಾಲಯದಿಂದ ಬಂದ ಶಿಸ್ತು ಇದು, ಒಳ್ಳೆಯ ಶಿಸ್ತೇ.

ಜೋಸೆಫ್ ಮುತುವಾ ಅವರ ಕತ್ತಿಯನ್ನು ಅವರು ಎರಡು ಸಲ ನೋಡಿದ್ದರು.

ಜೋಸೆಫ್ ಮಚಾಕೋಸ್ ಊರಿನ ಕಡೆಯವರು, ಪಂಗಾನಿಯ ಶಾಲೆಯೊಂದರಲ್ಲಿ ಇತಿಹಾಸದ ಮೇಷ್ಟ್ರು. ಅವರ ಅಜ್ಜ ಬ್ರಿಟಿಷರ ಸೈನ್ಯದಲ್ಲಿ ಬರ್ಮಾಕ್ಕೆ ಹೋಗಿ ಜಪಾನೀಯರೊಡನೆ ಕಾದಾಡಿ, ಮರಳಿ ಬರುವಾಗ ಆ ಕತ್ತಿಯನ್ನು ತಂದಿದ್ದ. ಇದು ಬಹಳ ಹಳೆಯದು, ಶರಣಾದ ಒಬ್ಬ ಮುದಿ ಅಧಿಕಾರಿ ಅಳುತ್ತ ಎರಡೂ ಕೈಯಲ್ಲಿ ನನ್ನ ಕೈಗಿತ್ತದ್ದು ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ. ಮನೆಯವರು ನಗುತ್ತಿದ್ದರು. ಸೈನ್ಯದ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡಿದ ಮಾಲು, ರಾಶಿಯಿಂದ ಎತ್ತಿಕೊಂಡು ಬಂದು ಕಥೆ ಕಟ್ಟುತ್ತಾನೆ ಎಂಬುದು ಚಿಕ್ಕಪ್ಪಂದಿರ ತೀರ್ಮಾನ. ಅವರು ಅದನ್ನು ಪಾಂಗಾ ಮಚ್ಚಿನಂತೆ ಹುಲ್ಲು ಸವರಲು, ಬೇಲಿ ಕಡಿಯಲು ಬಳಸಿದರು. ಜೋಸೆಫ್ ಅವರ ತಂದೆ ಒಬ್ಬರೇ ಅಜ್ಜನ ಮಾತನ್ನು ನಂಬಿದವರು. ಈಗ ಹಾಸಿಗೆ ಹಿಡಿದಿದ್ದಾರೆ. ಈ ಕ್ರಿಸ್‌ಮಸ್ಸಿಗೆ ಊರಿನಲ್ಲಿ ಎಲ್ಲರೂ ಸೇರಿದಾಗ, ತಂದೆಯ ಕಿವಿಗೆ ಬೀಳುವಂತೆ, ಅಜ್ಜ ಸುಳ್ಳುಗಾರನಲ್ಲ ಎಂದು ಸಾಕ್ಷಿಸಮೇತ ಹೇಳಬೇಕು. ಜೋಸೆಫ್ ಕತ್ತಿಯನ್ನು ಡಾಕ್ಟರರ ಕೈಗೆ ತಂದುಕೊಟ್ಟದ್ದು ಇಷ್ಟಕ್ಕೇ.

ಹುಲ್ಲು ಸವರಿದ ಅಲಗಿನಲ್ಲಿ ಸಾಕ್ಷಿ ಏನೂ ಉಳಿದಿರಲಿಲ್ಲ. ಉಳಿದದ್ದು ಹಿಡಿಯ ಒಳಗೆ. ಅಲಗಿನ ಬಾಲದಂಥ ತುದಿ ಹಿಡಿಯೊಳಗೆ ಹೊಕ್ಕು, ಒಂದು ಬಿದಿರಿನ ಗೂಟದಲ್ಲಿ ನಿಂತಿರುತ್ತದೆ. ಅದನ್ನು ಯಾರೂ ಎಂದೂ ಉಜ್ಜುವುದಿಲ್ಲ. ಕಾರ್ಖಾನೆಯ ಕತ್ತಿಯಾದರೆ ಅಲ್ಲಿ ತೆಳ್ಳನೆಯ ಕೆಂಪು ತುಕ್ಕು. ಶತಮಾನಗಳ ಕತ್ತಿಯಾದರೆ ಕಾಡಿಗೆಯಂಥ ದಟ್ಟ ಕಪ್ಪು ತುಕ್ಕು, ಅದರಡಿಯಲ್ಲಿ ಕಮ್ಮಾರನ ಹೆಸರಿನ ಉಳಿಗೆರೆಗಳು. ಪ್ರಾಯವನ್ನು ಹೇಳುವುದು ಆ ತುಕ್ಕೇ. ವಾರಗಟ್ಟಲೆ ತಾಳ್ಮೆಯಿಂದ ಎಣ್ಣೆ ಬಿಟ್ಟು ವಲೇರಿಯನ್ ಆ ಗೂಟವನ್ನು ಸಡಿಲಿಸಿ ಹಿಡಿಯನ್ನು ಕಳಚಿದಾಗ ಕಂಡದ್ದು ಕಪ್ಪು. ಎರಡನೆಯ ಸಲ, ಓರೆಬಿಸಿಲಿನಲ್ಲಿ, ಮಾಸಿದ ಎರಡು ಅಕ್ಷರಗಳೂ ಕಂಡವು. ಅಂದು ಅವರು ಬಾಯಿಂದ ಕರವಸ್ತ್ರ ತೆಗೆದ ಮೇಲೂ ಯಾರನ್ನೂ ಬೈಯಲಿಲ್ಲವೆಂದು ಸಿಲ್ವಿಯಾಬಾಯಿ ಈಗಲೂ ಹೇಳುತ್ತಾರೆ. ಆದರೆ ಜೋಸೆಫ್‌ಗೆ ಏನನ್ನೂ ಹೇಳಲಿಲ್ಲ. ಮೂರನೆಯ ಸಲ ನೋಡುವುದು ಬಾಕಿಯಿತ್ತು.

ಅಷ್ಟರಲ್ಲಿ ನವರಾತ್ರಿ ಬಂತು. ಅದರ ಜೊತೆಗೆ ಒಂದು ಬೇಡಿಕೆ ಹಿಡಿದು ಪ್ರಶಾಂತ ಬಂದ. ಬೆಂಗಳೂರಿನಿಂದ ಕಂಪನಿಯ ಕೆಲಸದ ಮೇಲೆ ಬಂದು ರಿವರ್‌ಸೈಡ್‌ನಲ್ಲಿ ಮನೆ ಮಾಡಿದ್ದ ಈ ಯುವಕ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ, ವಲೇರಿಯನ್ ಅವರ ಏಕಮಾತ್ರ ಶಿಷ್ಯ. ವರ್ಷವಿಡೀ ಪ್ರತಿ ಶನಿವಾರ ಬಂದು ಬೈಸಿಕೊಂಡು ಹೋಗುತ್ತಿದ್ದ. ಒಮ್ಮೆ ಅಲಗಿನ ಮೇಲೆ ಅವನ ಬೆರಳಿನ ಗುರುತು ಬಿದ್ದದ್ದಕ್ಕೆ, ಸಾಸಿವೆ ಕಾಳಿನಷ್ಟು ತುಕ್ಕು ಎದ್ದದ್ದಕ್ಕೆ, ಇಡೀ ಒಂದು ಸಂಜೆ ಉಗಿಸಿಕೊಂಡಿದ್ದ. "ತುಕ್ಕು ಅಂದರೆ ಕತ್ತಿಗೆ ಕ್ಯಾನ್ಸರ್, ಗೊತ್ತುಂಟಾ? ನಿನಗೆ ಮಂಡೆ ಉಂಟಾ? ಹಿಡಿಯಲೇಬೇಕಾದರೆ ಬಾಲದಲ್ಲಿ ಹಿಡಿ, ಅಲಗು ಮುಟ್ಟಬೇಡ!" ಅಲಗಿನ ತುಕ್ಕು ಬೇರೆ, ಬಾಲದ ತುಕ್ಕು ಬೇರೆ ಎಂಬ ವಿವರಣೆಗೆ ಆ ಸಂಜೆಯ ಕೂಗಾಟದಲ್ಲಿ ಜಾಗ ಸಿಗಲಿಲ್ಲ.

ಸಂಘದ ಆಯುಧಪೂಜೆಗೆ ನಿಜವಾದ ಒಂದು ಆಯುಧ, ಜೋಸೆಫ್ ಅವರ ಕತ್ತಿಯನ್ನೇ, ಇಡಬೇಕೆಂದು ಪ್ರಶಾಂತನ ಆಸೆ. ವಲೇರಿಯನ್ ಮೊದಲು ಎಗರಾಡಿದರು. ಆದರೆ ಜೋಸೆಫ್ ಸುದ್ದಿ ಕೇಳಿ ಹಿಗ್ಗಿಹೋದರು. ಮನೆಯವರೇ ನಕ್ಕ ಕತ್ತಿಗೆ ಪರದೇಶದ ಜನ ಕೈಮುಗಿಯುತ್ತಾರೆಂದರೆ ಯಾರಿಗೆ ಬೇಡ? ಹೀಗೆ ಕತ್ತಿ ಪ್ರಶಾಂತನ ಮನೆಗೆ ಹೋಯಿತು, ಷರತ್ತುಗಳೊಂದಿಗೆ. ಅಲಗಿಗೆ ಕುಂಕುಮ ಹಚ್ಚಕೂಡದು. ನಿಂಬೆಹಣ್ಣು ಚುಚ್ಚಕೂಡದು. ಹೂವಿನ ನೀರು ತಾಗಕೂಡದು. ಪ್ರಶಾಂತ ಪ್ರತಿಯೊಂದಕ್ಕೂ ತಲೆಯಾಡಿಸಿದ.

ಪೂಜೆಯ ದಿನ ಬೀದಿಯ ತುಂಬ ಜಕರಾಂಡ ಹೂ ಉದುರಿತ್ತು. ಸಭಾಂಗಣದ ಮೇಜಿನ ಮೇಲೆ ಲ್ಯಾಪ್‌ಟಾಪು, ಕತ್ತರಿ, ಕಾರಿನ ಕೀಲಿಕೈ, ಡಾಕ್ಟರೊಬ್ಬರ ಸ್ಟೆತಾಸ್ಕೋಪು, ನಡುವೆ ಹಿಡಿ ಕಳಚಿಟ್ಟ ಕತ್ತಿ. ಹೊಸ ಟೈ ಕಟ್ಟಿಕೊಂಡು ಬಂದಿದ್ದ ಜೋಸೆಫ್ ಫೋನಿನಲ್ಲಿ ಅದರ ಚಿತ್ರ ತೆಗೆದು ತಂದೆಗೆ ಕಳಿಸುತ್ತಿದ್ದರು. ವಲೇರಿಯನ್ ಬಾಗಿಲಲ್ಲಿ ಕಂಡಾಗ ಅವರು ಸಂಭ್ರಮದಿಂದ ಸ್ವಾಹಿಲಿಯಲ್ಲಿ ಕೂಗಿದರು: "ಡಕ್ತಾರಿ, ನೋಡಿ! ಹೊಚ್ಚಹೊಸದರ ಹಾಗೆ ಕಾಣುತ್ತಿದೆ!"

ಹೊಚ್ಚಹೊಸದರ ಹಾಗೆಯೇ ಕಾಣುತ್ತಿತ್ತು. ಬಾಲದ ಆ ಕಪ್ಪೆಲ್ಲ ಮಾಯವಾಗಿ, ಊಟದ ತಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು. ಅಕ್ಷರಗಳಿದ್ದ ಜಾಗ ನುಣ್ಣಗಾಗಿತ್ತು. ಅದರ ಮೇಲೆ ಕುಂಕುಮದ ಬೊಟ್ಟು, ಒಂದು ಸೇವಂತಿಗೆ.

"ಅಲಗಿಗೆ ಏನೂ ಮುಟ್ಸಿಲ್ಲ ಸರ್," ಪ್ರಶಾಂತ ಹೆಮ್ಮೆಯಿಂದ ಹೇಳಿದ. "ಹ್ಯಾಂಡಲ್ ಬಿಚ್ಚಿ ನೋಡಿದ್ರೆ ಒಳಗಡೆ ಫುಲ್ ರಸ್ಟ್ ಆಗಿತ್ತು. ಹಬ್ಬಕ್ಕೆ ಹಂಗೇ ಇಡೋಕಾಗುತ್ತಾ? ಹುಣಸೆಹಣ್ಣು ಹಚ್ಚಿ ನೆನೆಸಿಟ್ಟೆ, ಆಮೇಲೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಉಜ್ಜಿ... ನಿನ್ನೆ ಆಫೀಸ್‌ಗೂ ರಜ ಹಾಕ್ಬಿಟ್ಟೆ ಸರ್."

ಆಯುಧಪೂಜೆಗೆ ಮುನ್ನ ಮನೆಯ ಕಬ್ಬಿಣವನ್ನೆಲ್ಲ ತಿಕ್ಕಿ ತೊಳೆಯುವ ಸಂಪ್ರದಾಯದಲ್ಲಿ ಬೆಳೆದವನು ಮಾತ್ರ ಮಾಡಬಲ್ಲ ಅನಾಹುತ ಅದು. ಯುದ್ಧ, ಎಂಬತ್ತು ವರ್ಷಗಳ ಗೆದ್ದಲು, ಹುಲ್ಲು ಸವರಿದ ಚಿಕ್ಕಪ್ಪಂದಿರು ಇವರೆಲ್ಲರ ಕೈಯಿಂದ ಪಾರಾಗಿ ಬಂದದ್ದು ಒಂದು ದಿನದ ಭಕ್ತಿಯಿಂದ ಪಾರಾಗಲಿಲ್ಲ. ವಲೇರಿಯನ್ ಅಂದು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಮಂಗಳಾರತಿ ಹಿಡಿದಿದ್ದ ಜಯಲಕ್ಷ್ಮಮ್ಮ ತಟ್ಟೆ ಕೆಳಗಿಟ್ಟರು. ಮಕ್ಕಳನ್ನು ಹೊರಗೆ ಕರೆದೊಯ್ದರು. ಪ್ರಶಾಂತನನ್ನು, ಅವನ ಕಂಪನಿಯನ್ನು, ಹುಣಸೆಹಣ್ಣನ್ನು, ಹೊಳೆಯುವುದನ್ನೇ ಶುದ್ಧವೆಂದು ತಿಳಿಯುವ ಇಡೀ ಕುಲವನ್ನು ವಲೇರಿಯನ್ ಜಾಡಿಸಿದರು; ಆ ಸಿಟ್ಟಿನಲ್ಲಿ ಒಂದಕ್ಷರವೂ ಅನ್ಯಾಯದ್ದಲ್ಲ ಎಂದೇ ನಮಗೆಲ್ಲ ಅನ್ನಿಸಿತ್ತು. ಕೊನೆಗೆ ಮೇಜು ಗುದ್ದಿ ಕೇಳಿದರು: "ಒಂದು ಮಾತು ಕೇಳಲಿಕ್ಕೆ ನಿನಗೆ ಎಂಥ ಆಗಿತ್ತು ಮಾರಾಯಾ? ಫೋನ್ ಇರಲಿಲ್ಲವಾ?"

ಪ್ರಶಾಂತ ಕತ್ತಿಯ ಮೇಲಿಂದ ಸೇವಂತಿಗೆಯನ್ನು ಎತ್ತಿಕೊಂಡ. "ಕೇಳೋಣ ಅಂತ ಫೋನ್ ಕೈಗೆ ತಗೊಂಡಿದ್ದೆ ಸರ್. ಇಷ್ಟೂ ಗೊತ್ತಿಲ್ವಾ ಅಂತ ಬಯ್ತೀರ ಅಂತ... ಮಾಡ್ಲಿಲ್ಲ."

ವಲೇರಿಯನ್ ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದರು. ಮಡಚಲು ಹೋದರು, ಆಗಲಿಲ್ಲ. ಹಾಗೇ ಮುದುರಿ ಮತ್ತೆ ಒಳಗೆ ತುರುಕಿದರು.

ಮರುದಿನ ಜೋಸೆಫ್ ಕತ್ತಿ ಒಯ್ಯಲು ಪಂಗಾನಿಗೆ ಬಂದರು. ಆಗಿದ್ದೇನೆಂದು ಹಿಂದಿನ ದಿನವೇ ಅರ್ಥವಾಗಿತ್ತು. ಆದರೆ ಅವರಿಗೆ ಇನ್ನೂ ಒಂದು ಉತ್ತರ ಬೇಕಿತ್ತು. ಅವರಿಬ್ಬರ ಮಾತು ಯಾವಾಗಲೂ ಅರ್ಧ ಇಂಗ್ಲಿಷು, ಅರ್ಧ ಸ್ವಾಹಿಲಿ. ಸಿಲ್ವಿಯಾಬಾಯಿ ಚಹಾ ತಂದಿಟ್ಟರು.

"ಹಳೆಯದು, ಜೋಸೆಫ್," ವಲೇರಿಯನ್ ಹೇಳಿದರು. "ಮುನ್ನೂರು ವರ್ಷಕ್ಕೆ ಕಡಿಮೆಯಿಲ್ಲ. ಕಪ್ಪು ತುಕ್ಕಿತ್ತು. ಹೆಸರಿತ್ತು. ನಾನು ನೋಡಿದ್ದೇನೆ."

"ಫೋಟೋ ಇದೆಯೇ?"

"ಇಲ್ಲ."

"ಬೇರೆ ಯಾರಾದರೂ ನೋಡಿದ್ದಾರೆಯೇ?"

"ನಾನು ನೋಡಿದ್ದೇನೆ ಎಂದು ಹೇಳುತ್ತಿದ್ದೇನಲ್ಲ!" ವಲೇರಿಯನ್ ಮೇಜು ಗುದ್ದಿದರು. ಚಹಾ ತುಳುಕಿ ತಟ್ಟೆಗೆ ಬಿತ್ತು.

ಜೋಸೆಫ್ ಅವರ ಮುಖದಲ್ಲಿ ಅಷ್ಟು ಹೊತ್ತು ತಡೆದಿದ್ದ ಸಿಟ್ಟು ಕಾಣಿಸಿಕೊಂಡಿತು. ಆದರೆ ಅವರು ದನಿ ಏರಿಸಲಿಲ್ಲ. "ನಮ್ಮಜ್ಜನೂ ಹೀಗೇ ಮೇಜು ಗುದ್ದುತ್ತಿದ್ದ, ಡಕ್ತಾರಿ. ಕೊಟ್ಟವನ ಹೆಸರೇನು, ಯಾವ ಊರಿನಲ್ಲಿ ಕೊಟ್ಟ, ಯಾಕೆ ಅತ್ತ ಅಂತ ಯಾರಾದರೂ ಕೇಳಿದ್ದರೆ ಅವನು ಹೇಳುತ್ತಿದ್ದನೇನೋ. ಹೆದರಿ ಯಾರೂ ಕೇಳಲಿಲ್ಲ." ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಮಟಾಟು ವ್ಯಾನು ಹಿಡಿಯಲು ಅವರು ಬೀದಿಗೆ ಇಳಿದರು.

ಅದಾದ ಮೇಲೂ ವಲೇರಿಯನ್ ಬದಲಾದರೆಂದು ಹೇಳಲಾರೆ. ಪ್ರಶಾಂತ ಆ ಮನೆಗೆ ಮತ್ತೆ ಹೋಗಲಿಲ್ಲ, ಇವರೂ ಕರೆಯಲಿಲ್ಲ. ಇಂಥವರು ಎಲ್ಲ ಊರುಗಳಲ್ಲೂ ಇದ್ದಾರೆ, ಒಂದು ರಾಗದ, ಒಂದು ಲಿಪಿಯ, ಒಂದು ವಿದ್ಯೆಯ ಕೊನೆಯ ಕಾವಲುಗಾರರು. ಅವರ ಸಿಟ್ಟು ಸುಳ್ಳಲ್ಲ. ಪ್ರೀತಿಸಿದ್ದನ್ನು ಲೋಕ ತಿಕ್ಕಿ ತೊಳೆದು ಹಾಳುಮಾಡುವುದನ್ನು ಕಂಡವರಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು? ಆದರೆ ಕಾವಲುಗಾರನ ಗದರಿಕೆಗೆ ಕಳ್ಳನಿಗಿಂತ ಮೊದಲು, ಬಾಗಿಲಲ್ಲಿ ಏನನ್ನೋ ಕೇಳಲೆಂದು ನಿಂತವನು ಓಡಿಹೋಗುತ್ತಾನೆ. ಕಡೆಗೊಂದು ದಿನ ಅವರ ಬಳಿ 'ನಾನು ನೋಡಿದ್ದೇನೆ' ಎಂಬ ಒಂದು ಮಾತಷ್ಟೇ ಉಳಿಯುತ್ತದೆ. ಅದನ್ನು ನಂಬಬೇಕಾದವರನ್ನೆಲ್ಲ ಅವರು ಅಷ್ಟರಲ್ಲಿ ಗದರಿ ಕಳಿಸಿರುತ್ತಾರೆ.